ಹಳೆಯ ವಾಚು: ಹೊಳಪು ಬೇರೆ, ಅಸಲಿತನ ಬೇರೆ

ಸ್ನೇಹಿತರೆ, ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು ವಾಚ್ ಕಂಪನಿಗಳ ಚರಿತ್ರೆಯನ್ನು ಸೊಗಸಾಗಿ ಹೇಳಿದ್ದಾರೆ, ನಾನು ಮತ್ತೆ ಆ ದಾರಿ ಹಿಡಿಯುವುದಿಲ್ಲ. ಕೀ ಕೊಡುವ ವಾಚು ಯಾವುದು, ಆಟೊಮ್ಯಾಟಿಕ್ ಯಾವುದು ಎಂದು ಈ ಸಭೆಗೆ ವಿವರಿಸಬೇಕಾಗಿಯೂ ಇಲ್ಲ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಒಂದು ಸಂಗತಿಗೆ ನೇರವಾಗಿ ಬರುತ್ತೇನೆ. ನಮ್ಮ ಕಣ್ಣೆದುರೇ ಒಳ್ಳೊಳ್ಳೆಯ ಹಳೆಯ ವಾಚುಗಳು ಕೆಡುತ್ತಿವೆ. ಕೆಡಿಸುತ್ತಿರುವವರು ಅವುಗಳ ಮೇಲೆ ಪ್ರೀತಿ ಇರುವವರೇ. "ಸ್ವಲ್ಪ ಚೆಂದ ಮಾಡಿಸೋಣ" ಅಂತ ಕೊಂಡೊಯ್ದು ಕೊಡುತ್ತಾರೆ, ವಾಪಸ್ ಬರುವಾಗ ಅದು ಬೇರೆಯೇ ವಾಚಾಗಿರುತ್ತದೆ.

ಹಳೆಯ ವಾಚು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಎರಡು. ಇದು ಅಸಲಿಯೇ? ಇದರ ಸ್ಥಿತಿ ಹೇಗಿದೆ? ನಾವು ಎರಡನ್ನೂ ಕಲಸಿ "ಚೆನ್ನಾಗಿದೆಯಾ?" ಎಂದು ಕೇಳಿಬಿಡುತ್ತೇವೆ. ಹೊಸದಾಗಿ ಬಣ್ಣ ಬಳಿದ ಡಯಲ್ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅಸಲಿತನ ಹೋಗಿರುತ್ತದೆ. ಕಂದಿದ, ಅಲ್ಲಲ್ಲಿ ಚುಕ್ಕೆ ಬಿದ್ದ ಡಯಲ್ ನೋಡಲು ಸೊರಗಿದ್ದರೂ ಕಾರ್ಖಾನೆಯಿಂದ ಬಂದದ್ದೇ ಆಗಿರಬಹುದು. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಎತ್ತಿಕೊಳ್ಳುತ್ತೇನೆ. ಮೆಷೀನು ನಿಂತಿದ್ದರೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ನಡೆಸಬಹುದು. ಗಾಜು ಅಕ್ರಿಲಿಕ್ ಆಗಿದ್ದರೆ ಅದರ ಗೀರು ಉಜ್ಜಿದರೆ ಹೋಗುತ್ತದೆ. ಆದರೆ ಉಜ್ಜಿ ತೆಗೆದ ಲೋಹ, ಕೆರೆದು ತೆಗೆದ ಡಯಲ್ ಮತ್ತೆ ಬರುವುದಿಲ್ಲ. ಈ ಮಾತನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಕೇಸ್, ಅಂದರೆ ಹೊರಗಿನ ಲೋಹದ ಕವಚ ನೋಡೋಣ. ಪಟ್ಟಿಯನ್ನು ಹಿಡಿಯುವ ನಾಲ್ಕು ಲಗ್ಗುಗಳ ಅಂಚು ನೋಡಿ. ಎಷ್ಟೋ ಮಾದರಿಗಳಲ್ಲಿ ಮೇಲ್ಮೈಗೂ ಪಕ್ಕಕ್ಕೂ ನಡುವೆ ಓರೆಯಾಗಿ ಕಡೆದ ಒಂದು ಸಣ್ಣ ಪಟ್ಟೆ ಇರುತ್ತದೆ, ಅದರ ಎರಡೂ ಗೆರೆ ಚೂಪಾಗಿರಬೇಕು. ಒಂದೆರಡು ಸಲ ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಹಿಡಿದರೆ ಆ ಗೆರೆ ಕರಗುತ್ತದೆ, ನಾಲ್ಕೈದು ಸಲ ಹಿಡಿದರೆ ಪಟ್ಟೆಯೇ ಮಾಯ. ಲಗ್ಗಿನಲ್ಲಿ ಈ ಬದಿಯಿಂದ ಆ ಬದಿಗೆ ಹಾಯುವ ತೂತಿದ್ದರೆ ತೂತಿನ ಸುತ್ತ ಎಷ್ಟು ಲೋಹ ಉಳಿದಿದೆ, ನಾಲ್ಕೂ ಕಡೆ ಒಂದೇ ಸಮ ಇದೆಯೇ ನೋಡಿ. ಹಿಂದಿನ ಮುಚ್ಚಳದ ಅಕ್ಷರಗಳ ಆಳ ಬೆರಳಿಗೇ ಗೊತ್ತಾಗುತ್ತದೆ. ಚಿನ್ನದ ಕೇಸಾದರೆ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಾಕಿ ಚಿನ್ನದ ಶುದ್ಧತೆಯ ಮುದ್ರೆ ಹುಡುಕಿ. ಸ್ವಿಸ್ ಕೇಸುಗಳಲ್ಲಿ 1995ರವರೆಗೆ 18 ಕ್ಯಾರಟ್ಟಿಗೆ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆ, 14 ಕ್ಯಾರಟ್ಟಿಗೆ ಅಳಿಲು. ಆಮೇಲೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಅಳಿಲಿಗೆ ಬಾಲವೂ ಕಿವಿಯೂ ಸ್ಪಷ್ಟವಾಗಿದ್ದರೆ ಆ ಜಾಗಕ್ಕೆ ಪಾಲಿಶ್ ಹೆಚ್ಚು ತಾಗಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಅಳಿಲು ಬರೀ ಉಬ್ಬಾಗಿ ಉಳಿದಿದ್ದರೆ, ಅದು ಎಷ್ಟೇ ಹೊಳೆಯಲಿ, ಲೋಹ ಹೋಗಿದೆ. ಹೋದದ್ದು ಬರುವುದಿಲ್ಲ.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ. ಹೇಳದೆ ಮುಂದೆ ಹೋಗಲಾರೆ.

ಒಬ್ಬ ಹುಡುಗ, ವಾಚಿನ ಹುಚ್ಚು ಹೊಸದಾಗಿ ಹಿಡಿದವನು, 1960ರ ದಶಕದ ಒಂದು ಡೈವಿಂಗ್ ವಾಚು ಹಿಡಿದು ಬಂದ. "ಸರ್, ಇದನ್ನು ಯಾರೂ ಬಿಚ್ಚಿಯೇ ಇಲ್ಲವಂತೆ, ಎಲ್ಲಾ ಒರಿಜಿನಲ್ ಅಂತೆ" ಎಂದ. ಡಯಲ್‌ನ ಕೆಳತುದಿಯಲ್ಲಿ 'ಟಿ ಸ್ವಿಸ್ ಟಿ' ಎಂದು ಸಣ್ಣದಾಗಿ ಅಚ್ಚಾಗಿತ್ತು. ಅಂದರೆ ಕತ್ತಲಲ್ಲಿ ಬೆಳಗಲು ಟ್ರಿಟಿಯಂ ಎಂಬ ವಿಕಿರಣ ವಸ್ತು ಬಳಸಿದ್ದಾರೆ. ಗಂಟೆಯ ಚುಕ್ಕೆಗಳು ಕೆನೆಬಣ್ಣಕ್ಕೆ ತಿರುಗಿದ್ದವು, ಮುಳ್ಳುಗಳಲ್ಲಿ ತುಂಬಿದ್ದೂ ಅದೇ ಕೆನೆಬಣ್ಣ. ಬರಿಗಣ್ಣಿಗೆ ಬಲು ಚೆಂದದ ಹೊಂದಿಕೆ. ನಾನು ಕೋಣೆಯ ದೀಪ ಆರಿಸಿ ಯುವಿ (ಅತಿನೇರಳೆ ಕಿರಣದ) ಟಾರ್ಚನ್ನು ಕೆಲವು ಕ್ಷಣ ಅದರ ಮೇಲೆ ಹಿಡಿದು ತೆಗೆದೆ. ಡಯಲ್‌ನ ಚುಕ್ಕೆಗಳು ಅಲ್ಲೇ ಕಂದಿಹೋದವು. ಮುಳ್ಳುಗಳು ಮಾತ್ರ ಹಸಿರಾಗಿ ಬೆಳಗುತ್ತಲೇ ಇದ್ದವು. ಹುಡುಗ ಮೊದಲು ಖುಷಿಪಟ್ಟ! "ಎಷ್ಟು ಚೆನ್ನಾಗಿ ಬೆಳಗ್ತಿದೆ ನೋಡಿ ಸರ್" ಎಂದ.

ಬೆಳಗಬಾರದಪ್ಪ, ಅದೇ ತೊಂದರೆ ಎಂದೆ. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಹಿಡಿಯುವ ಕಾಲ, ಸುಮಾರು 12.3 ವರ್ಷ. ಅರವತ್ತು ವರ್ಷದ ಡಯಲ್ ಎಂದರೆ ಹತ್ತಿರ ಹತ್ತಿರ 5 ಅರ್ಧಾಯುಷ್ಯ ಕಳೆದಿವೆ, ಮೂಲದ ಶೇ 3ರಷ್ಟು ಉಳಿದಿರಬಹುದು. ಜೊತೆಗೆ ಬೆಳಕು ಸೂಸಬೇಕಾದ ಸತು ಸಲ್ಫೈಡ್ ಕೂಡ ಸುಸ್ತಾಗಿರುತ್ತದೆ. ಹೀಗೆ ಹಸಿರಾಗಿ ಬಹಳ ಹೊತ್ತು ಉರಿಯುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿಯ ಗುಣ, ಅದು ಜಪಾನಿನಲ್ಲಿ ತಯಾರಾಗಿ ವಾಚುಗಳಿಗೆ ಬಂದದ್ದು 1990ರ ದಶಕದಲ್ಲಿ. ಯಾರೋ ಅದಕ್ಕೆ ಕೆನೆಬಣ್ಣ ಬೆರೆಸಿ ಮುಳ್ಳಿಗೆ ತುಂಬಿ, ಹಳೆಯದರಂತೆ ಕಾಣಿಸಿದ್ದರು. ಲೂಪ್ ಹಾಕಿ ನೋಡಿದಾಗ ಇನ್ನೊಂದು ಗುಟ್ಟೂ ಹೊರಬಿತ್ತು. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಇಂಥ ವಾಚಿನಲ್ಲಿ ನಿಮಿಷದ ಮುಳ್ಳು ಅಷ್ಟು ದೂರ ನಿಲ್ಲುವುದಿಲ್ಲ. ಅಂದರೆ ಬಣ್ಣವೊಂದೇ ಅಲ್ಲ, ಮುಳ್ಳುಗಳೇ ಬೇರೆ ವಾಚಿನವು.

ಮುಚ್ಚಳ ತೆಗೆದೆವು. ಮೆಷೀನಿನ ಕ್ಯಾಲಿಬರ್ ಸಂಖ್ಯೆ, ಅಂದರೆ ಅದು ಯಾವ ಬಗೆಯ ಮೆಷೀನು ಎಂದು ಹೇಳುವ ಸಂಖ್ಯೆ, ಆ ಮಾದರಿಗೆ ಸರಿಯಾಗಿತ್ತು, ಮುಚ್ಚಳದೊಳಗಿನ ಕೇಸ್ ಸಂಖ್ಯೆಯೂ ಸರಿ. ಆ ಸಂಖ್ಯೆಯ ಸುತ್ತ ಸೂಜಿಯಿಂದ ಗೀಚಿದ ಕೂದಲೆಳೆಯಂಥ ಬರಹಗಳು. ಒಂದೊಂದೂ ಒಂದೊಂದು ಕೈಬರಹ. ವಾಚ್ ರಿಪೇರಿಯವರು ಸರ್ವಿಸ್ ಮಾಡಿದಾಗಲೆಲ್ಲ ತಮಗಷ್ಟೇ ಅರ್ಥವಾಗುವ ಗುರುತನ್ನೋ ತಾರೀಕನ್ನೋ ಹೀಗೆ ಮುಚ್ಚಳದೊಳಗೆ ಗೀಚಿಡುತ್ತಿದ್ದರು. 'ಯಾರೂ ಬಿಚ್ಚಿಯೇ ಇಲ್ಲ' ಎಂಬ ಮಾತಿಗೆ ಅಲ್ಲೇ ಉತ್ತರ ಇತ್ತು.

ಹುಡುಗನ ಮುಖ ಸಪ್ಪಗಾಯಿತು. ನಾನು ಸಮಾಧಾನ ಹೇಳಿದೆ. ಡಯಲ್ ಅಸಲಿ, ಕೇಸ್ ಅಸಲಿ, ಮೆಷೀನು ಅಸಲಿ, ಮುಳ್ಳುಗಳು ಬದಲಾಗಿವೆ ಅಷ್ಟೇ. ತುಕ್ಕು ಹಿಡಿದ ಮುಳ್ಳನ್ನು ಸರ್ವಿಸ್ ಹೊತ್ತಿನಲ್ಲಿ ಬದಲಾಯಿಸುವುದು ಅಪರಾಧವಲ್ಲ, ಬದಲಾಯಿಸಿ ಮುಚ್ಚಿಡುವುದು ಅಪರಾಧ. ಅವನು ಸ್ವಲ್ಪ ಯೋಚಿಸಿ ಕೇಳಿದ: "ಹಾಗಾದರೆ ಸರ್, ಮುಳ್ಳಿಗೆ ಹೊಂದೋ ಹಾಗೆ ಡಯಲ್‌ಗೂ ಹೊಸದಾಗಿ ಹಾಕಿಸಿಬಿಡಲಾ?" ಹಾಗೆ ಮಾಡುವುದಿಲ್ಲ ಎಂದು ಮಾತು ಕೊಡುವವರೆಗೆ ನಾನು ಆ ವಾಚನ್ನು ಅವನ ಕೈಗೆ ವಾಪಸ್ ಕೊಡಲಿಲ್ಲ!

ನನ್ನ ವಾದವೆಲ್ಲ ಇಷ್ಟೇ. ವಾಚಿನ ಭಾಗಗಳು ಒಂದೇ ಮನೆಯವರಂತೆ ಒಟ್ಟಿಗೆ ಮುಪ್ಪಾಗಿರಬೇಕು. ಡಯಲ್ ಮುದಿಯಾಗಿ ಮುಳ್ಳು ಎಳೆಯದಾಗಿದ್ದರೆ, ಕೇಸ್ ಸವೆದು ಕ್ರೌನಿನ (ಕೀ ಕೊಡುವ ತಿರುಗಣೆಯ) ಹಲ್ಲು ಚೂಪಾಗಿದ್ದರೆ, ನಿಂತು ಕೇಳಿ, ಇವರು ಯಾವಾಗ ಬಂದರು?

ರೇಡಿಯಂ ಬಗ್ಗೆ ಒಂದು ಎಚ್ಚರಿಕೆ. 1960ರ ದಶಕಕ್ಕೆ ಮುಂಚಿನ ಬೆಳಗುವ ಡಯಲ್‌ಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ವಿಕಿರಣ ಸೂಸುವ ರೇಡಿಯಂ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಡಯಲ್ ಬೆಳಗುವುದು ನಿಂತಿದ್ದರೆ ಸತ್ತದ್ದು ಸತು ಸಲ್ಫೈಡ್, ರೇಡಿಯಂ ಹಾಗೇ ಇದೆ. ಅದರ ಪುಡಿ ಉಸಿರಿನಲ್ಲೋ ಬಾಯಿಯಲ್ಲೋ ಹೋಗಬಾರದು. ಅಮೆರಿಕದಲ್ಲಿ 1920ರ ಆಸುಪಾಸಿನಲ್ಲಿ ಡಯಲ್‌ಗೆ ರೇಡಿಯಂ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಎಂಥ ಸಾವು ಕಂಡರೆಂದು ನಿಮಗೆ ಗೊತ್ತು. ದಯವಿಟ್ಟು ಯಾರೂ ಮನೆಯಲ್ಲಿ ಕೂತು ಅದನ್ನು ಕೆರೆಯಬೇಡಿ.

ಇನ್ನು ಮರುಬಣ್ಣದ ಡಯಲ್. ಅಧ್ಯಕ್ಷರು ಆಗಲೇ ಎರಡು ಸಲ ವಾಚ್ ನೋಡಿಕೊಂಡರು, ಮುಳ್ಳು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಬೇಗ ಹೇಳುತ್ತೇನೆ. ಹೆಸರಿನ ಅಕ್ಷರಗಳ ಅಂಚು ಲೂಪಿನಲ್ಲಿ ಹರಡಿದಂತೆ ಕಾಣುತ್ತದೆಯೇ? ನಿಮಿಷದ ಗೆರೆ ಗಂಟೆಯ ಕಡ್ಡಿಯ ನಡುವಿಗೆ ಸರಿಯಾಗಿ ಕೂತಿದೆಯೇ? ಸೆಕೆಂಡಿನ ಮುಳ್ಳಿಗೆಂದೇ ಇರುವ ಸಣ್ಣ ತಗ್ಗಿನೊಳಗಿನ ವೃತ್ತಾಕಾರದ ನವಿರು ಗೆರೆಗಳು ಬಣ್ಣದಡಿ ಹೂತುಹೋಗಿವೆಯೇ? 'ಸ್ವಿಸ್ ಮೇಡ್' ಅರ್ಧ ಕತ್ತರಿಸಿದೆಯೇ, ಅಥವಾ ಅಚ್ಚೇ ಆಗಿಲ್ಲವೇ? ಸೀಕೊ ವಾಚಾದರೆ ಇನ್ನೂ ಸುಲಭ. ಡಯಲ್‌ನ ಕೆಳ ಅಂಚಿನ ಸಣ್ಣ ಕೋಡ್‌ನಲ್ಲಿ ಕ್ಯಾಲಿಬರ್ ಸಂಖ್ಯೆ ಇರುತ್ತದೆ, ಮುಚ್ಚಳದ ಮೇಲಿನದರ ಜೊತೆ ತಾಳೆ ನೋಡಿ. ಮುಚ್ಚಳದ ಸರಣಿ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅದೇ ಅಂಕಿ ಹತ್ತು ವರ್ಷಕ್ಕೊಮ್ಮೆ ಮರಳುವುದರಿಂದ ದಶಕ ಯಾವುದೆಂದು ಕ್ಯಾಲಿಬರ್ ನೋಡಿಯೇ ನಿರ್ಧರಿಸಬೇಕು. ಉದಾಹರಣೆಗೆ 6139 ಕ್ಯಾಲಿಬರ್ ಬಂದದ್ದು 1969ರಲ್ಲಿ, ಅದರ ಮುಚ್ಚಳದ ಸರಣಿ ಸಂಖ್ಯೆಯ ಮೊದಲಿಗೆ 1 ಇದ್ದರೆ ಅದು 1961 ಆಗಲಾರದು.

ಮೆಷೀನಿನ ಬಗ್ಗೆ ಬರೆದುಕೊಂಡ ಹಾಳೆಗಳನ್ನು ಪಕ್ಕಕ್ಕಿಡುತ್ತೇನೆ. ಮೂರೇ ಮಾತು. ತಿರುಪುಗಳ ತಲೆ ಕಿತ್ತುಹೋಗಿದೆಯೇ ನೋಡಿ, ಒರಟು ಕೈ ಆಡಿದ್ದು ಅಲ್ಲೇ ಗೊತ್ತಾಗುತ್ತದೆ. ಕ್ರೌನಿನ ಕಡ್ಡಿ ಒಳಹೋಗುವ ಜಾಗದಲ್ಲಿ ತುಕ್ಕು ಹುಡುಕಿ, ನೀರು ಬರುವ ದಾರಿ ಅದು. ವಾಚಿನ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲೆ ಪೂರ್ತಿ ಕೀ ಕೊಟ್ಟು ಮಲಗಿಸಿದಾಗ, ಅತ್ತಿತ್ತ ತೂಗಿ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ತೂಗು 270 ಡಿಗ್ರಿಯ ಆಸುಪಾಸು ಇದ್ದರೆ ಸಂತೋಷ, 200ರ ಹತ್ತಿರ ಇದ್ದರೆ ಸರ್ವಿಸ್ ಕೇಳುತ್ತಿದೆ ಎಂದರ್ಥ. ಸರ್ವಿಸ್‌ಗೆ ಕೊಡುವಾಗ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ: ಪಾಲಿಶ್ ಬೇಡ, ಡಯಲ್ ಮುಟ್ಟಬೇಡಿ, ಬದಲಾಯಿಸಿದ ಭಾಗ ವಾಪಸ್ ಕೊಡಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಹಾಗೆ ವಾಪಸ್ ಬಂದ ಹಳೆಯ ಮುಳ್ಳು, ಹಳೆಯ ಕ್ರೌನ್ ಸಣ್ಣ ಪೊಟ್ಟಣದಲ್ಲಿ ವಾಚಿನ ಜೊತೆಗೇ ಇರಲಿ.

ಪಕ್ಕದ ಮೇಜಿನ ಮೇಲೆ ಲೂಪು, ಯುವಿ ಟಾರ್ಚು, ಟೈಮ್‌ಗ್ರಾಫರ್ ಇಟ್ಟಿದ್ದೇನೆ. ವಾಚು ತಂದವರು ಬನ್ನಿ, ಒಂದೊಂದಾಗಿ ನೋಡೋಣ. ರೇಡಿಯಂ ಇರಬಹುದು ಅನ್ನಿಸಿದ್ದನ್ನು ಇಲ್ಲಿ ಬಿಚ್ಚುವುದಿಲ್ಲ, ಗಾಜಿನ ಮೇಲಿಂದಲೇ ನೋಡುತ್ತೇವೆ.