ಅದಿರು ಆದಾಯವಲ್ಲ, ಆಸ್ತಿ

ಕೇಳುಗರಿಗೆ ನಮಸ್ಕಾರ. ನಿಸರ್ಗ ಸಂಪತ್ತಿಗೂ ಆರ್ಥಿಕ ಬೆಳವಣಿಗೆಗೂ ಇರುವ ನಂಟಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ವಿಷಯ ದೊಡ್ಡದು, ಕೊಟ್ಟಿರುವ ವೇಳೆ ಚಿಕ್ಕದು. ಆದ್ದರಿಂದ ಒಂದೇ ಮಾತು ಹೇಳುತ್ತೇನೆ. ನೆಲದೊಳಗಿನ ಅದಿರು, ಚಿನ್ನ, ತೈಲ ಇವೆಲ್ಲ ನಮ್ಮ ಆಸ್ತಿಯೇ ಹೊರತು ಆದಾಯವಲ್ಲ.

ಪಿತ್ರಾರ್ಜಿತವಾದ ಎರಡು ಎಕರೆ ಮಾರಿ ಮಗಳ ಮದುವೆ ಮಾಡಿದ ರೈತನಿಗೆ ಆ ವರ್ಷ ವರಮಾನ ಹೆಚ್ಚಿತೆಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಸರ್ಕಾರ ಬೆಟ್ಟವನ್ನು ಅಗೆಯಲು ಕೊಟ್ಟಾಗ ಮಾತ್ರ, ಅದಿರಿಗೆ ಗಣಿಯವರು ಕಟ್ಟುವ ರಾಜಧನವನ್ನು (ರಾಯಲ್ಟಿ) ರಾಜಸ್ವ ಖಾತೆಯಲ್ಲಿ ತೆರಿಗೆಯೇತರ ಆದಾಯವೆಂದು ಬರೆದುಕೊಳ್ಳುತ್ತಾರೆ. ಅಗೆದ ಅದಿರಿನ ಮೌಲ್ಯ ಒಟ್ಟು ದೇಶೀಯ ಉತ್ಪನ್ನಕ್ಕೆ ಸೇರುತ್ತದೆ. ಬರಿದಾದ ಬೆಟ್ಟವನ್ನು ಆ ಲೆಕ್ಕದಿಂದ ಕಳೆಯುವವರಿಲ್ಲ. ತರಗತಿಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಹೇಳುವುದನ್ನು ಬಿಡುವಂತಿಲ್ಲ.

ಇದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಕಂಪನಿಗಳು ಅಲ್ಲಿನ ಗಣಿಗಳನ್ನು ಉಗಿಯಂತ್ರಗಳಿಂದ ನಡೆಸುತ್ತಿದ್ದವು. ಆಳಕ್ಕೆ ಇಳಿದಷ್ಟೂ ಅದಿರನ್ನೂ ನೀರನ್ನೂ ಮೇಲೆತ್ತುವ ಖರ್ಚು ಏರುತ್ತಿತ್ತು. ಆಗ ಮೈಸೂರು ಸಂಸ್ಥಾನದ ಇಂಜಿನಿಯರ್ ಮೇಜರ್ ಜೋಲಿ ಡಿ ಲೋಟ್ಬಿನಿಯರ್ ಅವರು, ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಬಹುದೆಂದು ಸೂಚಿಸಿದರು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತಿನಲ್ಲೇ ಅಪರೂಪವಾಗಿದ್ದ ಕಾಲವದು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಯೋಜನೆಯ ಬೆನ್ನಿಗೆ ನಿಂತರು. ಅವರ ಜಾಣತನವನ್ನು ದಯವಿಟ್ಟು ಗಮನಿಸಿ: ಗಣಿ ಕಂಪನಿಗಳೊಡನೆ ಕರಾರು ಮಾಡಿಕೊಂಡು, ವಿದ್ಯುತ್ ಕೇಂದ್ರವನ್ನು ಮಾತ್ರ ಸಂಸ್ಥಾನವೇ ಕಟ್ಟಿತು. ಗಿರಾಕಿ ಕಂಪನಿಯದಾದರೂ ಆಸ್ತಿ ನಮ್ಮದು. 1902ರ ಜೂನ್‌ನಲ್ಲಿ ಗಣಿಗೆ ವಿದ್ಯುತ್ ಹರಿಯಿತು. 1901ರಲ್ಲೇ ತೀರಿಕೊಂಡ ಅಯ್ಯರ್ ಅವರು ಅದನ್ನು ಕಾಣಲಿಲ್ಲ. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು.

ಇತ್ತ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಆರಂಭದಲ್ಲಿ ಟನ್ ಅದಿರಿಗೆ 40 ಗ್ರಾಮಿನ ಆಸುಪಾಸು ಸಿಗುತ್ತಿದ್ದ ಚಿನ್ನ ಕೊನೆಯಲ್ಲಿ ಮೂರು ನಾಲ್ಕು ಗ್ರಾಮಿಗೆ ಇಳಿದು, ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಚಿನ್ನ ಹೋಯಿತು, ಶಿವನಸಮುದ್ರದ ಕೇಂದ್ರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಆಸ್ತಿಯನ್ನು ಆಸ್ತಿಯಾಗಿ ಬದಲಿಸುವುದೆಂದರೆ ಇದೇ. ಆದರೆ ಆ ಬದಲಾವಣೆಯ ಫಲ ಬೇರೆ ಊರುಗಳಿಗೆ ಸಿಕ್ಕಿತು. ಗಣಿಯೂರಿಗೆ ಉಳಿದದ್ದು ಸಯನೈಡ್ ದಿಬ್ಬಗಳು, ಅಂದರೆ ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು, ಗಾಳಿ ಬೀಸಿದರೆ ಮನೆಯೊಳಕ್ಕೆ ಬರುವ ಅವುಗಳ ಬೂದು ದೂಳು. ಅಲ್ಲಿನ ಎಷ್ಟೋ ಮಂದಿ ದುಡಿಮೆಗಾಗಿ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ.

ಕೋಲಾರದ ಮಾತು ಬಂದರೆ ನನಗೆ ಗಡಿಯಾರ ಕಾಣುವುದಿಲ್ಲ. ನಾರ್ವೆಯನ್ನು ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ. 1969ರಲ್ಲಿ ಸಮುದ್ರದಡಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿದ ಆ ದೇಶ 1990ರಲ್ಲಿ ಕಾನೂನು ಮಾಡಿ, 1996ರಿಂದ ತೈಲದ ಹಣವನ್ನು ಒಂದು ನಿಧಿಗೆ ಹಾಕಿ ಹೊರದೇಶಗಳಲ್ಲಿ ಹೂಡುತ್ತಿದೆ. ಅಸಲನ್ನು ಮುಟ್ಟದೆ, ನಿಧಿಯಿಂದ ವರ್ಷಕ್ಕೆ ಸರಾಸರಿ ಶೇಕಡಾ 3ರಷ್ಟನ್ನು ಮಾತ್ರ ಖರ್ಚು ಮಾಡುವುದು ಅಲ್ಲಿನ ನಿಯಮ.

ನಮ್ಮ ಬಳ್ಳಾರಿಯಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ಕಬ್ಬಿಣದ ಅದಿರೆಂಬ ಆಸ್ತಿ ಲಾರಿಯೇರಿ ಬಂದರಿಗೆ ಹೋಗುತ್ತಿತ್ತು. ಗಣಿ ಕಾನೂನಿನ 2015ರ ತಿದ್ದುಪಡಿಯ ನಂತರ ಗಣಿಗಾರಿಕೆಯಿಂದ ಬಾಧಿತವಾದ ಪ್ರತಿ ಜಿಲ್ಲೆಯಲ್ಲೂ, ಬಾಧಿತ ಜನರ ಹಿತಕ್ಕಾಗಿ ಖನಿಜ ಪ್ರತಿಷ್ಠಾನವಿರಬೇಕು. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಸಂಡೂರು, ಹೊಸಪೇಟೆ, ಚಿತ್ರದುರ್ಗದ ಕಡೆಯಿಂದ ಕೇಳುತ್ತಿರುವವರು, ಆ ಹಣದಿಂದ ನಿಮ್ಮ ಊರಿನಲ್ಲಿ ಎದ್ದದ್ದು ಶಾಲೆಯೋ ಸ್ವಾಗತ ಕಮಾನೋ ಎಂದು ಮುಂದಿನ ಗ್ರಾಮಸಭೆಯಲ್ಲಿ ಲೆಕ್ಕ ಕೇಳಿ. ವಂದನೆಗಳು.