ಗ್ಲಾಸಿನೊಳಗೆ ಕಾಳುಮೆಣಸು: ಬರೋಸಾದ ಒಂದು ಜಿಎಸ್‌ಎಂ

ಈ ಬಾಟಲಿಯನ್ನು ಮೂರು ವಾರದಿಂದ ತೆಗೆಯದೆ ಇಟ್ಟಿದ್ದೆ. ಅಕ್ಕ, ಭಾವ ಸಕಲೇಶಪುರದಿಂದ ಬರಲಿ ಅಂತ. ಭಾವನದು ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಈ ವೈನಿಗೂ ಅವರ ಮೆಣಸಿಗೂ ಒಂದು ನಂಟಿದೆ. ಅದನ್ನು ಅವರ ಮೂಗಿನ ಹತ್ತಿರ ಹಿಡಿದು ನೋಡಬೇಕು ಅಂತ ನನಗೆ ಆಸೆ.

ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಕಾರಿನಲ್ಲಿ ಒಂದು ಗಂಟೆ ಹೋದರೆ ಬರೋಸಾ ಕಣಿವೆ. ನಿನ್ನೆ ಮೂವರೂ ಹೋಗಿದ್ದೆವು. ಕಾರಿಳಿದ ಕೂಡಲೇ ಭಾವ ಮಣ್ಣು ನೋಡೋಕೆ ಅಂತ ದ್ರಾಕ್ಷಿ ಸಾಲಿನ ಕಡೆ ಹೊರಟರು. ಅಲ್ಲಿನ ಒಬ್ಬರು ಓಡಿ ಬಂದು, ದಯವಿಟ್ಟು ಒಳಗೆ ಕಾಲಿಡಬೇಡಿ ಅಂದರು. ಫಿಲೋಕ್ಸೆರಾ ಅಂತ ಒಂದು ಸಣ್ಣ ಹುಳ ಇದೆ. ಬೇರಿಗೆ ಹತ್ತಿಕೊಂಡು ಬಳ್ಳಿಯನ್ನೇ ಕೊಲ್ಲುತ್ತದೆ. ಶೂಗೆ ಅಂಟಿದ ಮಣ್ಣಿನ ಜೊತೆಗೂ ಬರಬಹುದು. 1877ರಲ್ಲಿ ವಿಕ್ಟೋರಿಯಾ ರಾಜ್ಯದ ಜೀಲಾಂಗ್ ಹತ್ತಿರ ಇದು ಕಾಣಿಸಿಕೊಂಡಿತು. ನಮ್ಮ ಸೌತ್ ಆಸ್ಟ್ರೇಲಿಯಾ ರಾಜ್ಯ 1899ರಲ್ಲೇ ಇದನ್ನು ತಡೆಯೋಕೆ ಅಂತ ಕಾನೂನು ಮಾಡಿತು. ಈ ರಾಜ್ಯಕ್ಕೆ ಅದು ಇವತ್ತಿಗೂ ಬಂದಿಲ್ಲ. ಭಾವನಿಗೆ ಎರಡನೇ ಮಾತು ಹೇಳಬೇಕಾಗಲಿಲ್ಲ. "ನಮ್ಮ ಮೆಣಸಿನ ಸೊರಗು ರೋಗದ ಹಾಗೇ ಅಲ್ವಾ," ಅಂದವರು ಅಲ್ಲೇ ನಿಂತುಬಿಟ್ಟರು. ಬೇಲಿಯ ಆಚೆಯಿಂದಲೇ ಬಳ್ಳಿ ನೋಡಿದರು. ನೂರು ವರ್ಷ ದಾಟಿದ ಗ್ರನಾಶ್ ಬಳ್ಳಿಗಳು. ಕಾಂಡ ನನ್ನ ತೊಡೆಗಿಂತ ದಪ್ಪ, ತಿರುಚಿಕೊಂಡು ನಿಂತಿವೆ.

ಈಗ ಬಾಟಲಿಗೆ ಬರೋಣ. ಹೆಸರು ತೋರಿಸುತ್ತಿಲ್ಲ, ನನಗೆ ಹೇಳಬೇಕಿರೋದು ಈ ಬಗೆಯ ಬ್ಲೆಂಡ್ ಬಗ್ಗೆ. ಜಿಎಸ್‌ಎಂ ಅಂದರೆ ಗ್ರನಾಶ್, ಶಿರಾಜ್, ಮೊರ್ವೆಡ್ರ್ ಅನ್ನುವ ಮೂರು ದ್ರಾಕ್ಷಿ ಬೆರೆಸಿದ ವೈನ್. ಮೂರನೆಯದಕ್ಕೆ ಇಲ್ಲಿನ ಹಳಬರ ಹೆಸರು ಮತಾರೊ. ನನಗೂ ಅದೇ ಇಷ್ಟ. ಲೇಬಲ್ ಮೇಲೆ ಯಾವ ದ್ರಾಕ್ಷಿ ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು, ಅದು ಇಲ್ಲಿನ ನಿಯಮ. ಇದರಲ್ಲಿ ಗ್ರನಾಶ್ 55, ಶಿರಾಜ್ 30, ಮತಾರೊ 15. ಆಲ್ಕೋಹಾಲ್ ಶೇಕಡ 14.5.

ಈ ಮೂರಕ್ಕೂ ಒಂದು ಕಾಲದಲ್ಲಿ ಬೆಲೆಯೇ ಇರಲಿಲ್ಲ. ಬಹಳ ವರ್ಷ ಇವು ಪೋರ್ಟ್ ತರಹದ ಸಿಹಿ ವೈನಿಗೆ ಹೋಗುತ್ತಿದ್ದವು. ಅದನ್ನು ಕುಡಿಯುವವರು ಕಡಿಮೆಯಾದರು. 1980ರ ದಶಕದಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಹಳೆಯ ಬಳ್ಳಿ ಕೀಳಿಸಿತು. ಅದೇ ಹೊತ್ತಿನಲ್ಲಿ ಕೆಲವರು ಕೀಳದೆ ಉಳಿಸಿಕೊಂಡರು. ಬರೋಸಾದಲ್ಲಿ ವೈನ್ ಮಾಡುವ ಚಾರ್ಲ್ಸ್ ಮೆಲ್ಟನ್ 'ನೈನ್ ಪೋಪ್ಸ್' ಅನ್ನುವ ಇಂಥದೇ ಬ್ಲೆಂಡ್ ಶುರು ಮಾಡಿದ್ದು 1988ರ ಬೆಳೆಯಿಂದ. ಆ ಬಳ್ಳಿಗಳನ್ನು ನೋಡಿ ಬಂದ ಮೇಲೆ, ಕಿತ್ತುಹೋದವನ್ನು ನೆನೆದು ನನಗೆ ನಿಜವಾಗಲೂ ಸಂಕಟವಾಯಿತು.

ತೆಗೆಯುವ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟಿದ್ದೆ. ಹೊರಗೆ ಬಿಸಿಲು ಜೋರಾಗಿದೆ. ರೆಡ್ ವೈನ್ ತಣ್ಣಗಿರಬಾರದು ಅಂತ ಬೆಚ್ಚಗೇ ಕುಡಿದರೆ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. ಬಣ್ಣ ನೋಡಿ. ಗ್ಲಾಸಿನ ಹಿಂದೆ ನನ್ನ ಬೆರಳು ಮಸುಕಾಗಿ ಕಾಣುತ್ತಿದೆ. ಗ್ರನಾಶ್ ಸಿಪ್ಪೆ ತೆಳ್ಳಗೆ, ಅದಕ್ಕೇ ಬಣ್ಣವೂ ತಿಳಿ.

ಮೊದಲ ವಾಸನೆ ಕಳಿತ ಸ್ಟ್ರಾಬೆರಿ. ಬಿಸಿಲಿಗೆ ಇಟ್ಟ ಜಾಮ್ ಹಾಗೆ. ಸ್ವಲ್ಪ ತಿರುಗಿಸಿದರೆ ನೇರಳೆ ಹಣ್ಣು ಬರುತ್ತದೆ, ಅದು ಶಿರಾಜ್. ಅದರ ಬೆನ್ನಿಗೇ, ಬಹಳ ಮೆಲ್ಲಗೆ, ಮೆಣಸು.

ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಶಿರಾಜ್ ಸಿಪ್ಪೆಯಲ್ಲಿ ರೊಟಂಡೋನ್ ಅನ್ನುವ ಅಂಶ ಇದೆ. ಕಾಳುಮೆಣಸಿನಲ್ಲಿರುವುದೂ ಅದೇ. ಇದನ್ನು ಪತ್ತೆ ಮಾಡಿ 2008ರಲ್ಲಿ ಪ್ರಕಟಿಸಿದ್ದು ಇದೇ ಅಡಿಲೇಡ್‌ನ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಒಂದು ಲೀಟರ್ ರೆಡ್ ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಗ್ರಾಂನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೋಗ್ರಾಂ. ಆದರೆ ಅವರ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗೆ ಈ ವಾಸನೆ ಹತ್ತಲೇ ಇಲ್ಲ, ಎಷ್ಟು ಜಾಸ್ತಿ ಹಾಕಿದರೂ.

ಅಕ್ಕ ಗ್ಲಾಸ್ ಎತ್ತಿದ ಕೂಡಲೇ, "ಮೆಣಸು ಒಣಗಿಸೋ ಕಣ!" ಅಂದಳು. ನನಗೆ ಮೈ ಜುಂ ಅಂತು. ಭಾವ ಮೂರು ಸಲ ಮೂಸಿದರು. "ಎಲ್ಲಿದೆ ಪುಟ್ಟಿ? ನನಗೆ ಬರೀ ಹಣ್ಣು." ಕಾಳು ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುವ ಮನುಷ್ಯ ಅವರು. ನಾನು ನಾಲ್ಕು ಕಾಳು ಜಜ್ಜಿ ಗ್ಲಾಸಿನ ಪಕ್ಕ ಇಟ್ಟೆ. ಮೆಣಸಿನ ಘಾಟು ಅವರಿಗೆ ಚೆನ್ನಾಗಿ ಗೊತ್ತಾಯಿತು. ಘಾಟಿನಲ್ಲಿ ಬೇರೆ ಅಂಶಗಳೂ ಇರುತ್ತವಲ್ಲ. ವೈನಿನಲ್ಲಿ ಮಾತ್ರ ಏನೂ ಸಿಗಲಿಲ್ಲ. ಬರೋಸಾ ಬಿಸಿ ಜಾಗ, ರೊಟಂಡೋನ್ ಜಾಸ್ತಿ ಆಗುವುದು ತಂಪು ಜಾಗದಲ್ಲಿ. ಹಾಗಾಗಿ ಈ ಬಾಟಲಿಯಲ್ಲಿ ಅದು ಕಡಿಮೆಯೇ. ವಿಕ್ಟೋರಿಯಾದ ಗ್ರ್ಯಾಂಪಿಯನ್ಸ್ ಶಿರಾಜ್ ಕೊಟ್ಟು ಇನ್ನೊಮ್ಮೆ ನೋಡಬೇಕು.

ಬಾಯಿಗೆ ಬಂದರೆ, ಮೊದಲು ಗ್ರನಾಶ್‌ನ ಸಿಹಿ ಹಣ್ಣು. ಸಕ್ಕರೆ ಇಲ್ಲ, ಹಣ್ಣು ಕಳಿತು ಬಂದ ಸಿಹಿ. ನಡುವೆ ಶಿರಾಜ್ ತುಂಬಿಕೊಳ್ಳುತ್ತದೆ. ಕೊನೆಗೆ ಒಗರು, ನೇರಳೆ ತಿಂದ ಮೇಲೆ ನಾಲಿಗೆ ಹಿಡಿದ ಹಾಗೆ. ಅದು ಮತಾರೊ. ಬರೀ 15 ಪಾಲು, ಆದರೂ ಇಡೀ ವೈನಿಗೆ ಅದೇ ಬೆನ್ನುಮೂಳೆ. ಮರದ ವಾಸನೆ ಮೇಲೆದ್ದಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಒಂದು ಕೊರತೆ ಇದೆ. ಗ್ಲಾಸ್ ಬೆಚ್ಚಗಾದ ಹಾಗೆ ಗಂಟಲಲ್ಲಿ ಆಲ್ಕೋಹಾಲ್ ಉರಿ ಏಳುತ್ತದೆ. ಹಣ್ಣನ್ನು ಸ್ವಲ್ಪ ಮುಂಚೆ ಕೊಯ್ದಿದ್ದರೆ ಚೆನ್ನಾಗಿತ್ತು ಅಂತ ನನ್ನ ಅನಿಸಿಕೆ.

ಊಟಕ್ಕೆ ಅಕ್ಕ ಕಡುಬು, ಮೆಣಸು ಹಾಕಿದ ಮಟನ್ ಮಾಡಿದ್ದಳು. ಒಣಮೆಣಸಿನಕಾಯಿ ಬೇಡ ಅಂತ ಮೊದಲೇ ಹೇಳಿದ್ದೆ. ಅದರ ಖಾರ ಈ ಉರಿಯನ್ನು ಎರಡರಷ್ಟು ಮಾಡುತ್ತದೆ. ಕಾಳುಮೆಣಸಿನ ಜೊತೆ ಮಾತ್ರ ವೈನ್ ಹೂವಿನಂತೆ ಅರಳಿತು.

ಇದು ಮಾರನೇ ದಿನ ಸಂಜೆ. ಅರ್ಧ ಬಾಟಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟಿದ್ದೆ. ಉರಿ ಇಳಿದಿದೆ, ಸ್ಟ್ರಾಬೆರಿ ಹಿಂದೆ ಸರಿದಿದೆ. ಭಾವ ಈ ಸಲ ಕಣ್ಣು ಮುಚ್ಚಿ ಮೂಸಿದರು. "ಮೊದಲ ಮಳೆಗೆ ನೆನೆದ ಮಣ್ಣು," ಅಂದರು. ಆ ಮಣ್ಣಿನ ವಾಸನೆ ಮತಾರೊದ್ದು, ಅದು ಭಾವನಿಗೆ ಸಿಕ್ಕಿತ್ತು.