ದುಡ್ಡು ಯಾರದು?

ಅಧ್ಯಕ್ಷರೆ, ಪ್ರಾಂಶುಪಾಲರೆ, ಅಧ್ಯಾಪಕ ಬಂಧುಗಳೆ, ವಿದ್ಯಾರ್ಥಿ ಮಿತ್ರರೆ,

ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಭಾಷಣಕ್ಕೆ ಕರೆದರೆ ರಾಮನ್ ಅವರ ಬಗ್ಗೆ ಮಾತನಾಡುವುದು ವಾಡಿಕೆ. ಅವರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಹಾಗಾಗಿ ನಾನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಆರಿಸಿಕೊಂಡಿದ್ದೇನೆ. ಕೋಲಾರಕ್ಕೂ ಕ್ಯಾಲಿಫೋರ್ನಿಯಾಕ್ಕೂ ಏನು ನಂಟು ಎಂದು ಹಿಂದಿನ ಸಾಲಿನಲ್ಲಿ ನಗುತ್ತಿದ್ದೀರಿ. ನಂಟು ಇದೆ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದೆ. ಅಲ್ಲಿಗೆ ಬರುತ್ತೇನೆ.

1868ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಇಂದು ಬರ್ಕ್ಲಿ, ಲಾಸ್ ಏಂಜಲಿಸ್, ಸಾಂತಾ ಬಾರ್ಬರಾ, ಅರ್ವೈನ್ ಮುಂತಾಗಿ ಹತ್ತು ಆವರಣಗಳಿವೆ. ವಿದ್ಯಾರ್ಥಿಗಳು ಹತ್ತಿರ ಹತ್ತಿರ ಮೂರು ಲಕ್ಷ. 2025ರ ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಇಲ್ಲಿನ ನಾಲ್ವರು ಪ್ರಾಧ್ಯಾಪಕರಿಗೆ ನೊಬೆಲ್ ಬಂತು. ಬರ್ಕ್ಲಿಯಲ್ಲಿ ನೊಬೆಲ್ ಬಂದವರಿಗೆ ಕಾರು ನಿಲ್ಲಿಸಲು ಮೀಸಲು ಜಾಗ ಕೊಡುತ್ತಾರೆ. ನಮ್ಮ ಬೆಂಗಳೂರಿನಲ್ಲೂ ಇಂಥ ಆಸೆ ತೋರಿಸಿದರೆ ಸಂಶೋಧನೆ ತಾನಾಗಿ ಬೆಳೆಯುತ್ತದೆ ಎಂದು ನನ್ನ ಅನುಮಾನ.

ಪತ್ರಿಕೆಗಳು ಇದನ್ನೆಲ್ಲ ‘ಇತ್ತೀಚಿನ ಸಾಧನೆ’ ಎಂದು ಬರೆದವು. ನನ್ನ ತಕರಾರು ಇರುವುದು ಅಲ್ಲೇ. ಭೌತವಿಜ್ಞಾನದ ಬಹುಮಾನವನ್ನೇ ನೋಡಿ. ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಈ ಪ್ರಯೋಗ ಮಾಡಿದ್ದು 1984–85ರಲ್ಲಿ. ಕ್ಲಾರ್ಕ್ ಬರ್ಕ್ಲಿಯ ಪ್ರಾಧ್ಯಾಪಕ, ಡೆವೊರೆ ಪ್ಯಾರಿಸಿನಿಂದ ಬಂದಿದ್ದ ಯುವ ಸಂಶೋಧಕ, ಮಾರ್ಟಿನಿಸ್ ಇನ್ನೂ ಪಿಎಚ್.ಡಿ. ವಿದ್ಯಾರ್ಥಿ. ತಡೆಗೋಡೆಯನ್ನು ಹಾರದೆ ಅದರೊಳಗಿಂದಲೇ ಆಚೆಗೆ ದಾಟುವ ವಿದ್ಯೆ ಎಲೆಕ್ಟ್ರಾನಿನಂಥ ಕಣಕ್ಕೆ ಗೊತ್ತು ಎಂದು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಕೈಯಲ್ಲಿ ಹಿಡಿಯಬಹುದಾದ ಒಂದು ವಿದ್ಯುತ್ ಮಂಡಲ, ಅದರಲ್ಲಿರುವ ಕೋಟ್ಯಂತರ ಎಲೆಕ್ಟ್ರಾನು ಜೋಡಿಗಳ ಸಮೇತ, ಒಂದೇ ಕಣದಂತೆ ದಾಟುತ್ತದೆಯೇ? ಅವರ ಪ್ರಶ್ನೆ ಇದು. ದಾಟುತ್ತದೆ ಎಂದು ತೋರಿಸಿದರು.

ಆದರೆ ಅವರನ್ನು ಕಾಡಿದ್ದು ಸಿದ್ಧಾಂತಕ್ಕಿಂತ ಗದ್ದಲ. ಹೊರಗಿನ ತಂತಿಯ ಮೂಲಕ ಬರುವ ಅತಿ ಸಣ್ಣ ಸೂಕ್ಷ್ಮತರಂಗವೂ ಫಲಿತಾಂಶವನ್ನು ಕೆಡಿಸುತ್ತಿತ್ತು. ಲೋಹದ ಕೊಳವೆಯಲ್ಲಿ ತಾಮ್ರದ ಪುಡಿ ತುಂಬಿ, ಅದರ ನಡುವೆ ಸುರುಳಿ ಸುತ್ತಿದ ತಂತಿ ಹಾಯಿಸಿ, ಆ ಗದ್ದಲವನ್ನು ಪುಡಿಯೇ ಹೀರಿಕೊಳ್ಳುವಂತೆ ಮಾಡಿದರು. ತಾಮ್ರದ ಪುಡಿ! ಲ್ಯಾಬಿನಲ್ಲಿ ದೊಡ್ಡ ಯಂತ್ರ ಇಲ್ಲ ಎಂದು ಕೊರಗುವವರಿಗೆ ಇದನ್ನು ಹೇಳಲೇಬೇಕು. ಇಂದು ಕ್ವಾಂಟಂ ಕಂಪ್ಯೂಟರ್ ಎಂದು ಕಂಪನಿಗಳು ಸುರಿಯುತ್ತಿರುವ ಬಂಡವಾಳದ ದೊಡ್ಡ ಪಾಲಿಗೆ ಆ ಮಂಡಲವೇ ಮೂಲ. 1985ರಲ್ಲಿ ಇಂಥ ಬಂಡವಾಳ ಸುರಿಯುವ ಕಂಪನಿ ಇರಲಿಲ್ಲ. ಹಾಗಾದರೆ ದುಡ್ಡು ಯಾರದು? ಅಮೆರಿಕದ ಇಂಧನ ಇಲಾಖೆಯದು. ಎಂದರೆ ಅಲ್ಲಿ ತೆರಿಗೆ ಕಟ್ಟಿದ ಲಾರಿ ಚಾಲಕನದು, ಅಂಗಡಿಯವನದು.

ಇನ್ನು ನನಗೆ ಅಚ್ಚುಮೆಚ್ಚಿನ ಕಥೆ. ರಸಾಯನ ವಿಜ್ಞಾನದ ಬಹುಮಾನ ಹಂಚಿಕೊಂಡ ಮೂವರಲ್ಲಿ ಒಬ್ಬರು ಬರ್ಕ್ಲಿಯ ಒಮರ್ ಯಾಘಿ. ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ತೀನಿನಿಂದ ನಿರಾಶ್ರಿತರಾಗಿ ಬಂದ ಕುಟುಂಬದಲ್ಲಿ ಹುಟ್ಟಿದವರು. ಮನೆ ತುಂಬ ಮಕ್ಕಳು, ಒಂದೇ ಕೋಣೆ, ಜೊತೆಗೆ ದನಕರು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಅದೂ ಕೆಲವೇ ಗಂಟೆ. ನೀರು ಬಂತು ಎಂದರೆ ಹುಡುಗ ಎದ್ದು ಓಡಬೇಕು, ಇದ್ದಬದ್ದ ಪಾತ್ರೆಯೆಲ್ಲ ತುಂಬಿಸಬೇಕು. ಕೋಲಾರದ ಸಭೆಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಬಿಂದಿಗೆ ಸಾಲಿನಲ್ಲಿ ನಿಂತು ಬೆಳೆದವರೇ ಇಲ್ಲಿ ಹೆಚ್ಚು.

ಆ ಹುಡುಗ ಹತ್ತು ವರ್ಷದವನಿದ್ದಾಗ ಶಾಲೆಯ ಗ್ರಂಥಾಲಯಕ್ಕೆ ನುಸುಳಿದ. ಅಲ್ಲಿ ಒಂದು ಪುಸ್ತಕದಲ್ಲಿ ಕಡ್ಡಿ ಮತ್ತು ಗುಂಡುಗಳ ಚಿತ್ರ ಕಂಡ. ಅಣುಗಳ ಚಿತ್ರ ಎಂದು ಆಗ ಅವನಿಗೆ ಗೊತ್ತಿಲ್ಲ. ಚಂದ ಇದೆ ಎಂದಷ್ಟೇ ಗೊತ್ತು. ಹದಿನೈದನೇ ವಯಸ್ಸಿಗೆ ತಂದೆ ಅಮೆರಿಕಕ್ಕೆ ಕಳಿಸಿದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬಿದ, ನೆಲ ಒರೆಸಿದ, ಓದಿದ.

ಎಲ್ಲಿ ಓದಿದ? ಇದನ್ನು ಬರೆದುಕೊಳ್ಳಿ. ಮೊದಲು ಹಡ್ಸನ್ ವ್ಯಾಲಿಯ ಸಮುದಾಯ ಕಾಲೇಜು, ಸರ್ಕಾರದ್ದು. ಆಮೇಲೆ ಆಲ್ಬನಿಯಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ, ಸರ್ಕಾರದ್ದು. ಪಿಎಚ್.ಡಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಅದೂ ಸರ್ಕಾರದ್ದು. ಕೆಲಸ ಮಾಡಿದ್ದು ಅರಿಜೋನಾ ರಾಜ್ಯ ವಿಶ್ವವಿದ್ಯಾಲಯ, ಮಿಷಿಗನ್, ಲಾಸ್ ಏಂಜಲಿಸ್, ಕೊನೆಗೆ ಬರ್ಕ್ಲಿ; ಎಲ್ಲವೂ ಸರ್ಕಾರದ್ದೇ. ನಡುವೆ ಸ್ವಲ್ಪ ಕಾಲ ಹಾರ್ವರ್ಡ್‌ನಲ್ಲಿದ್ದರು, ಒಪ್ಪುತ್ತೇನೆ, ಅದು ಖಾಸಗಿ. ಆದರೆ ಅಲ್ಲಿಗೂ ಹೋದದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಫೆಲೋಶಿಪ್ ಮೇಲೆ. ದುಡ್ಡು ಯಾರದು? ನೀವೇ ಹೇಳಿ.

ಅವರು ಮಾಡಿದ್ದೇನು? ಲೋಹದ ಅಯಾನುಗಳನ್ನು ಗಂಟುಗಳಾಗಿಯೂ ಇಂಗಾಲ ಆಧಾರದ ಅಣುಗಳನ್ನು ಕಂಬಗಳಾಗಿಯೂ ಇಟ್ಟು, ಕಟ್ಟಡಕ್ಕೆ ಕಟ್ಟುವ ಸಾರುವೆಯ ಹಾಗೆ ಹರಳು ಕಟ್ಟಿದರು. ಒಳಗೆಲ್ಲ ಖಾಲಿ ಕೋಣೆ. 1999ರಲ್ಲಿ ಬಂದ ‘ಮಾಫ್-5’ ಎಂಬ ಹರಳಿನ ಒಂದೆರಡು ಗ್ರಾಂ ಪುಡಿಯ ಒಳಮೈ ಹರಡಿದರೆ ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. ಕೋಣೆಯ ಅಳತೆಯನ್ನೂ ಗೋಡೆಯ ಗುಣವನ್ನೂ ಬದಲಿಸಿದರೆ ಬೇಕಾದ ಅಣುವನ್ನೇ ಹಿಡಿದಿಡಬಹುದು. ಬಾಲ್ಯದಲ್ಲಿ ನೀರಿಗೆ ಕಾದವರು ಯಾವ ಅಣು ಹಿಡಿಯುತ್ತಾರೆ ಹೇಳಿ! ಅಲ್ಯೂಮಿನಿಯಂ ಆಧಾರದ ‘ಮಾಫ್-303’ ತುಂಬಿದ ಉಪಕರಣವನ್ನು ಅವರ ತಂಡ 2022ರಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಮರುಭೂಮಿಗೆ ಒಯ್ದಿತು. ರಾತ್ರಿ ಪುಡಿ ಗಾಳಿಯ ತೇವವನ್ನು ಹೀರಿತು, ಹಗಲು ಬಿಸಿಲಿಗೆ ಬಿಟ್ಟುಕೊಟ್ಟಿತು, ಅದು ತಣಿದು ನೀರಾಗಿ ಇಳಿಯಿತು. ಕರೆಂಟು ಬೇಡ. ಕಿಲೋ ಪುಡಿಗೆ ದಿನಕ್ಕೆ ಒಂದು ಲೋಟದಷ್ಟು ನೀರು. 2024ರಲ್ಲಿ ಅದೇ ತಂಡ ‘ಕಾಫ್-999’ ಎಂಬ ಇನ್ನೊಂದು ಪುಡಿಯನ್ನು ಪ್ರಕಟಿಸಿತು. ಅದರ 200 ಗ್ರಾಂ ವರ್ಷಕ್ಕೆ 20 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿಯಬಲ್ಲದು, ಸುಮಾರಾಗಿ ಒಂದು ಮರ ಹಿಡಿಯುವಷ್ಟು.

ಸಮಯ... ಹತ್ತು ನಿಮಿಷ ಎನ್ನುತ್ತಿದ್ದಾರೆ. ಕೋಲಾರದ ಸಾಲ ತೀರಿಸಿಬಿಡುತ್ತೇನೆ.

1965. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಜಗತ್ತಿನಲ್ಲಿ ಮೊದಲು ಯಾರು ಹಿಡಿಯುತ್ತಾರೆ ಎಂಬ ಪೈಪೋಟಿ. ಒಂದು ಕಡೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡ. ಇನ್ನೊಂದು ಕಡೆ, ಇಲ್ಲೇ, ನಮ್ಮ ಕೆಜಿಎಫ್ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಕೂಡು ತಂಡ. ಎರಡೂ ತಂಡಗಳ ಪ್ರಬಂಧಗಳು ಆ ಆಗಸ್ಟಿನಲ್ಲಿ ಹದಿನೈದು ದಿನಗಳ ಅಂತರದಲ್ಲಿ ಅಚ್ಚಾದವು, ಕೆಜಿಎಫ್‌ನದೇ ಮೊದಲು. ಮರುವರ್ಷ ರೈನ್ಸ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಆವರಣ ಸೇರಿದರು. ನ್ಯೂಟ್ರಿನೊವನ್ನು ಮೊಟ್ಟಮೊದಲು ಪತ್ತೆ ಹಚ್ಚಿದ ಹಳೆಯ ಕೆಲಸಕ್ಕಾಗಿ 1995ರಲ್ಲಿ ಅವರಿಗೆ ನೊಬೆಲ್ ಬಂತು. ಅರ್ವೈನ್ ಬೆಳೆಯಿತು, ನಮ್ಮ ಗಣಿ 2001ರಲ್ಲಿ ಮುಚ್ಚಿತು, ಪ್ರಯೋಗಶಾಲೆ ಅದಕ್ಕೂ ಮೊದಲೇ. ಇಲ್ಲಿ ಕುಳಿತ ಎಷ್ಟೋ ಮಕ್ಕಳಿಗೆ ಕೆಜಿಎಫ್ ಎಂದರೆ ಸಿನಿಮಾ ಮಾತ್ರ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನಮ್ಮ ದೇಶ ಸಂಶೋಧನೆಗೆ ಕೊಡುವುದು ಒಟ್ಟು ಉತ್ಪನ್ನದ ಶೇಕಡಾ ಒಂದಕ್ಕಿಂತ ಕಡಿಮೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ.

ಅಮೆರಿಕ ಎಂದು ಹಾರ ಹಾಕುವುದೂ ಬೇಡ. 2025ರ ಬೇಸಿಗೆಯಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಲಾಸ್ ಏಂಜಲಿಸ್ ಆವರಣದ 584 ಮಿಲಿಯನ್ ಡಾಲರ್ ಸಂಶೋಧನಾ ಅನುದಾನವನ್ನು ತಡೆಹಿಡಿಯಿತು. ಗಣಿತಜ್ಞ ಟೆರೆನ್ಸ್ ಟಾವೊ ಅವರ ಅನುದಾನವೂ ಅದರಲ್ಲಿತ್ತು. ಅವರು ಮತ್ತು ಜೊತೆಗಾರರು ಕಟ್ಟಿದ ಗಣಿತದಿಂದಲೇ ಇಂದು ಎಂಆರ್‌ಐ ಸ್ಕ್ಯಾನ್ ಬೇಗ ಮುಗಿಯುತ್ತದೆ. ನ್ಯಾಯಾಲಯ ನಡುವೆ ಬಂದು ಬಹುಪಾಲು ಹಣ ಮರಳಿತು. ಆದರೆ ಪ್ರಯೋಗಶಾಲೆಗೆ ಬೀಗ ಬಿದ್ದರೆ ನಷ್ಟ ಕಾಣುವುದು ಆ ವರ್ಷವಲ್ಲ, ಮೂವತ್ತು ವರ್ಷ ಕಳೆದು.

ಚೀಟಿ ಬಂತು. ಬರ್ಕ್ಲಿಯ ಜೆನ್ನಿಫರ್ ಡೌಡ್ನಾ ಅವರ ಜೀನ್ ಕತ್ತರಿ ಕ್ರಿಸ್ಪರ್ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಹೋಯಿತು. ಒಂದೇ ಮಾತು: ಗಣಿಯ ಆಮ್ಲದ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ಓದುತ್ತಿದ್ದ ಜಿಲಿಯನ್ ಬ್ಯಾನ್‌ಫೀಲ್ಡ್ 2006ರಲ್ಲಿ ಬರ್ಕ್ಲಿಯ ಕಾಫಿ ಅಂಗಡಿಯಲ್ಲಿ ಡೌಡ್ನಾ ಅವರಿಗೆ ಕ್ರಿಸ್ಪರ್ ವಿಷಯ ಹೇಳಿದ್ದು. ಮಾತು ಕಳೆದುಕೊಂಡ ಮಹಿಳೆಯ ಮಿದುಳಿನ ಸಂಕೇತಗಳನ್ನು ಒಂದೇ ಸೆಕೆಂಡಿನೊಳಗೆ ಧ್ವನಿಯಾಗಿಸಿದ 2025ರ ಕೆಲಸ ಬರ್ಕ್ಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಆವರಣಗಳದು; ಅದರ ಹಿರಿಯರಲ್ಲಿ ಗೋಪಾಲ ಅನುಮಂಚಿಪಲ್ಲಿ ಒಬ್ಬರು. ಮನೆಯಲ್ಲಿ ಓದಿಕೊಳ್ಳಿ.

ಮೂರನೇ ಸಾಲಿನ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ, ಏನು ಕೇಳುತ್ತಾಳೆ ಎಂದೂ ಊಹಿಸಬಲ್ಲೆ: ಯಾಘಿಯವರ ಪುಡಿ ಕೋಲಾರಕ್ಕೆ ಯಾವಾಗ? ನೋಡಮ್ಮ, ಕಿಲೋಗೆ ಒಂದು ಲೋಟ ನೀರಿನ ಲೆಕ್ಕದಲ್ಲಿ ಕುಡಿಯುವ ನೀರಿಗೆ ಮುಂದೊಂದು ದಿನ ಆದೀತು, ಟೊಮೆಟೊ ತೋಟಕ್ಕೆ ಆಗದು. ಅಲ್ಲಿಯವರೆಗೆ ಕೆರೆಯ ಹೂಳು ತೆಗೆಯುತ್ತಲೇ ಇರಬೇಕು. ಈಗ ನಿನ್ನ ಪ್ರಶ್ನೆ ಕೇಳು.